ದಾಜಿಪುರದಲ್ಲಿ ಅತ್ತೆಯ ಬಾಯಾರಿಕೆ

ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿಯಾದಷ್ಟೂ ಅದು ತೆರೆದುಕೊಳ್ಳುವಾಗ ಮಾಡುವ ಸದ್ದು ದೊಡ್ಡದೆಂಬುದನ್ನು ನೀವೂ ಗಮನಿಸಿರಬಹುದು. ನನ್ನಂಥ ಭೋಜನಪ್ರಿಯನಿಗೆ ಅದೊಂದು ಮಂಗಳವಾದ್ಯ. ಅದು ಅಮಂಗಳವೂ ಆಗಬಲ್ಲದೆಂದು ತಿಳಿದದ್ದು ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಗಡಿಯಾಚೆಯ ದಾಜಿಪುರದ ಅಭಯಾರಣ್ಯದಲ್ಲಿ.

ಆಗ ನಿಪ್ಪಾಣಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ವನವರ್ಣನೆಗಳು ಕಂಠಪಾಠವಾಗಿದ್ದವೇ ಹೊರತು ವನವನ್ನು ಕಂಡು ಗೊತ್ತಿರಲಿಲ್ಲ. ಹೆಂಡತಿ ಸುಶೀಲೆ, ಶಿರಗುಪ್ಪಿಯಿಂದ ಬಂದಿದ್ದ ಅವಳ ತಾಯಿ ಮತ್ತು ನಾನು ಬಾಡಿಗೆ ಜೀಪಿನಲ್ಲಿ ಹೊರಟೆವು. ಅತ್ತೆಯವರು ನಿಷ್ಠಾವಂತ ಜೈನರು. ಸೂರ್ಯ ಮುಳುಗಿದ ಮೇಲೆ ಅನ್ನವಷ್ಟೇ ಅಲ್ಲ, ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಹುಟ್ಟಿನಿಂದ ನಾನೂ ಜೈನನೇ. ಆದರೆ ನನ್ನ ಹಸಿವು ಸೂರ್ಯನ ವೇಳಾಪಟ್ಟಿಯನ್ನು ಎಂದೂ ಒಪ್ಪಿಕೊಂಡಿರಲಿಲ್ಲ.

ಘಟ್ಟದ ತಿರುವುಗಳಲ್ಲಿ ಅತ್ತೆಗೆ ಹೊಟ್ಟೆ ತೊಳಸಿ, ಮಧ್ಯಾಹ್ನ ಏನೂ ತಿನ್ನಲಾಗಲಿಲ್ಲ. ಸಂಜೆ ನೀರಿನ ಹೊಂಡದ ಪಕ್ಕದ ಮರೆಯಲ್ಲಿ ಪ್ರಾಣಿಗಳಿಗಾಗಿ ಕಾಯುತ್ತ ಕೂತಾಗ ಚೇತರಿಸಿಕೊಂಡರು. "ಹೊತ್ತು ಮುಳಗೂದ್ರಾಗ ಒಂದೀಟು ಉಂಡ ಬಿಡತೇನಿ," ಎಂದು ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡು ಮುಚ್ಚಳಕ್ಕೆ ಬೆರಳು ಹಚ್ಚಿದ್ದೇ ತಡ, ಜೊತೆಗಿದ್ದ ಅರಣ್ಯ ಕಾವಲುಗಾರ ಕೈಯೆತ್ತಿ, "ಗಪ್ ಬಸಾ," ಸದ್ದಿಲ್ಲದೆ ಕೂತಿರಿ, ಎಂದು ಮರಾಠಿಯಲ್ಲಿ ಪಿಸುಗುಟ್ಟಿದ.

ಎದುರಿನ ಪೊದೆಗಳಿಂದ ಕಾಡೆಮ್ಮೆಯೊಂದು ಹೊರಬಂದಿತ್ತು, ನಾಲ್ಕೂ ಕಾಲಿಗೆ ಬಿಳಿ ಕಾಲುಚೀಲ ತೊಟ್ಟಂತೆ. ಹಿಂದೆ ಕೆಂಚು ಬಣ್ಣದ ಕರು. ತಾಯಿ ಒಂದು ಹೆಜ್ಜೆ ಇಡುವುದು, ಕಿವಿ ನಿಮಿರಿಸಿ ನಿಲ್ಲುವುದು. ಕರು ನೀರಿಗೆ ನುಗ್ಗಹೋದರೆ ಅಡ್ಡಗಟ್ಟುವುದು. ಅತ್ತ ಮರಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ನೀರಿನ ತಂಬಿಗೆಯಿದ್ದ ಬುಟ್ಟಿಯತ್ತ ಸುಶೀಲೆ ಕೈ ಚಾಚಿದಳು. ಅತ್ತೆ ಅವಳ ಕೈ ಹಿಡಿದು ತಡೆದರು. ಆಮೇಲೆ ತಮ್ಮ ಬಳೆಗಳನ್ನೂ ಸದ್ದಾಗದಂತೆ ಅದುಮಿ ಹಿಡಿದುಕೊಂಡರು.

ಸೂರ್ಯ ಮುಳುಗಿದ. ಅನಂತರವೇ ಕರು ನೀರಿಗೆ ಮೂತಿಯಿಟ್ಟದ್ದು. ಬಹಳ ಹೊತ್ತು ಕುಡಿಯಿತು.

ಅವು ಕಾಡು ಸೇರಿದ ಮೇಲೆ ಸುಶೀಲೆ, "ಅವ್ವಾ, ಒಂದ್ ಗುಟುಕ ನೀರರೆ ಕುಡೀಬೇಕಿತ್ತ," ಎಂದಳು.

"ಆ ಕೂಸು ಎಷ್ಟ ದೂರದಿಂದ ನೀರಡಿಸಿ ಬಂದಿತ್ತೋ ಏನೋ. ನಾವು ಸಪ್ಪಳ ಮಾಡಿದ್ರ ಹಂಗ ಹೊಳ್ಳಿ ಹೋಗತಿತ್ತು. ನನಗ ಮುಂಜಾನೆ ಹೊತ್ತ ಹೊಂಟ ಮ್ಯಾಲ ಸಿಗತೈತಿ ಬಿಡು."

ಅಂದು ನಾನೂ ಉಪವಾಸವಿದ್ದೆನೆಂದು ಬರೆದಿದ್ದರೆ ಪ್ರಬಂಧಕ್ಕೆ ಶೋಭೆಯಿರುತ್ತಿತ್ತು. ಆದರೆ ಅತ್ತೆಯೇ ಡಬ್ಬಿ ತೆರೆದು, "ನೀವು ಉಣ್ರಿ, ನಿಮಗ ಹಸಿವು ತಡ್ಯಾಂಗಿಲ್ಲ," ಎಂದು ಚಪಾತಿ ಬಡಿಸಿದರು. ನಾನು ತಲೆ ತಗ್ಗಿಸಿ, ಸಾಕಷ್ಟನ್ನೇ ತಿಂದೆ.

ಬೆಳಿಗ್ಗೆ ವಿಶ್ರಾಂತಿಗೃಹದ ಕಟ್ಟೆಗೆ ಬಿಸಿಲು ಬಿದ್ದ ಮೇಲೆ ನಾನೇ ಅವರ ನೇಮದಂತೆ ಬಟ್ಟೆಯಲ್ಲಿ ನೀರು ಸೋಸಿ ತಂದುಕೊಟ್ಟೆ. ಅತ್ತೆ ಕಣ್ಣುಮುಚ್ಚಿ ಕುಡಿದು ಮುಗಿಸಿ, ಲೋಟವನ್ನು ನನ್ನತ್ತ ಚಾಚಿ, "ಇನ್ನೊಂದೀಟ ಹಾಕ್ರಿ," ಎಂದರು. ಮದುವೆಯಾದಾಗಿನಿಂದ ಅಳಿಯನಾದ ನನ್ನಿಂದ ಅವರು ಏನನ್ನೂ ಕೇಳಿದವರಲ್ಲ. ನಾನಾಗಿ ಕೊಡಹೋದರೂ "ಬ್ಯಾಡ್ರಿ" ಎಂದು ಹಿಂದೆ ಸರಿಯುತ್ತಿದ್ದವರು. ನಾನು ಎಷ್ಟು ಅವಸರದಿಂದ ಸುರಿದೆನೆಂದರೆ ಲೋಟ ತುಂಬಿ ನೀರು ಅವರ ಸೀರೆಯ ಮೇಲೆಲ್ಲ ಚೆಲ್ಲಿತು. ಅತ್ತೆ ನಕ್ಕರು, ಲೋಟವನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.