ಬಾಟಲಿಯೊಳಗಿನ ಹೊಲ

ಹುಲ್ಲಹಳ್ಳಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಘದ ಕಾರ್ಯದರ್ಶಿ ದೊಡ್ಡಸಿದ್ದಯ್ಯನವರು ಕೂತಲ್ಲಿ ಕೂರುವವರಲ್ಲ. ಮಳೆ ಬಂದರೆ ಸಾಕು, ಯಾರದಾದರೂ ಹೊಲದಿಂದ ಮಣ್ಣು ಕೊಚ್ಚಿಕೊಂಡು ಹರಿಯುವ ಕೆಂಪು ನೀರನ್ನು ಬಾಟಲಿಗೆ ತುಂಬಿಕೊಂಡು ಮೊದಲ ಬಸ್ಸಿಗೆ ನಂಜನಗೂಡಿನ ಶಾಸಕರ ಕಚೇರಿಗೆ ಓಡುತ್ತಾರೆ. ಕುರ್ಚಿ ಕೊಟ್ಟರೂ ಕೂರದೆ, ಬಾಟಲಿ ಕುಲುಕಿ ಮೇಜಿನ ಮೇಲಿಡುತ್ತಾರೆ: "ಇದು ತಿಳಿಯಾಗೋದ್ರೊಳಗೆ ಬದು ಆಕ್ಸೋ ಅರ್ಜಿಗೆ ಸೈನ್ ಆಕ್ಬುಡಿ ಸಾ!" ಶಾಸಕರು "ಮಾಡೋಣ ಇರಿ ಸಿದ್ದಯ್ನೋರೇ" ಎನ್ನುವಷ್ಟರಲ್ಲಿ ಫೋನ್ ಬರುತ್ತದೆ, ಮಣ್ಣು ತಳ ಸೇರುತ್ತದೆ, ಇವರು ಮತ್ತೆ ಕುಲುಕುತ್ತಾರೆ. ಮೊನ್ನೆ ಶಾಸಕರ ಸಹಾಯಕ ಬಾಟಲಿಯನ್ನು ಬಚ್ಚಲಿಗೆ ಸುರಿಯಹೋದಾಗ ಕಿತ್ತುಕೊಂಡೇಬಿಟ್ಟರು: "ಅದು ಚನ್ನಬಸಮ್ಮನ ಒಲ ಕಣಪ್ಪಾ!" ಸಂಜೆ ಬಸ್ಸಿಳಿದವರು ಮನೆಗೂ ಹೋಗದೆ ಚನ್ನಬಸಮ್ಮನ ಹೊಲಕ್ಕೆ ನಡೆದು, ಬಾಟಲಿ ಬಗ್ಗಿಸಿ, ತಳಕ್ಕಂಟಿದ ಮಣ್ಣನ್ನೂ ಎರಡು ಸಲ ತೊಳೆದು ಅಲ್ಲೇ ಚೆಲ್ಲಿದರು.