ಮಾಲೆ ಹಾಕಿದ ಎರಡು ಸರ್ವರ್‌ಗಳು

ಸಹನಾ, ಪ್ರಜ್ವಲ್, ಈ ಸಲ ದಸರೆಯ ಖಂಡೇ ಪೂಜೆಗೆ ನೀವು ಲ್ಯಾಪ್‌ಟಾಪಿಗೆ ಚೆಂಡುಹೂವು ಏರಿಸಿ, ಅದನ್ನು ಚಾಲೂ ಇಟ್ಟೇ ಊಟಕ್ಕೆ ಬಂದಿರಿ. ಹೂವು ಬಿಸಿಗೆ ಬಾಡಿದ ವಾಸನೆ ಅಡುಗೆಮನೆವರೆಗೂ ಬಂತು. ನನಗೆ, ಎಲ್ಲರೂ 'ಬಾಯಿ' ಎಂದೇ ಕರೆಯುತ್ತಿದ್ದ ಪಕ್ಕದ ಮನೆಯವಳು ನೆನಪಾದಳು...

ಬಾಯಿ ಕೊಗನೊಳ್ಳಿ ಕಡೆಯವಳು. ಶಿರಗುಪ್ಪಿಯಲ್ಲಿ ನಮ್ಮ ಪಕ್ಕದ ಮನೆ ಹಿಡಿದು, ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ತೂಕದ ಚೀಟಿಗಾಗಿ ರಸ್ತೆಯವರೆಗೂ ನಿಲ್ಲುತ್ತಿದ್ದವು. ಚೀಟಿಗಳ ಲೆಕ್ಕವನ್ನೆಲ್ಲ ಇಡುವ ಹಳೆಯ ಸರ್ವರ್ ಯಂತ್ರ ಅಷ್ಟು ನಿಧಾನ. ಹೊಸದು ತರುವುದಾದರೆ ದೊಡ್ಡದೇ ಬೇಕೆಂದು ಬಾಯಿ ಹಟ ಹಿಡಿದಳು. ಬೆಲೆ ಕಡಿಮೆ, ಸಣ್ಣದು ಸಾಕೆಂದರು ಮ್ಯಾನೇಜರರು. ಕಡೆಗೆ ಎರಡನ್ನೂ ಪರೀಕ್ಷೆಗೆ ತರಿಸಿದರು. ಕಳೆದ ಹಂಗಾಮಿನ ಡೇಟಾಬೇಸನ್ನು ಎರಡರಲ್ಲೂ ತುಂಬಿ, ಎರಡಕ್ಕೂ ಒಂದೇ ಪ್ರಶ್ನೆಗಳನ್ನು ಕೇಳಿ, ಯಾವುದು ಬೇಗ ಉತ್ತರ ಕೊಡುತ್ತದೆಂದು ನೋಡುವುದು. ಬಾಯಿಯ ಮಾತು ಉಳಿಯುವುದೋ ಬೀಳುವುದೋ ಅದರ ಮೇಲಿತ್ತು.

ನಿಮ್ಮಜ್ಜ ಹೋದ ಮೇಲೆ ನಾನು ಹೊರಗೆ ಕಾಲಿಡುತ್ತಿದ್ದುದೇ ಅಪರೂಪ. ಆದರೆ ಬಾಯಿ ನನ್ನನ್ನು ಬಿಡಬೇಕಲ್ಲ! ಖಂಡೇ ಪೂಜೆಗೆ ಕಾರ್ಖಾನೆಗೆ ಎಳೆದೊಯ್ದಳು. ನಾನು ಬಾಗಿಲ ಬಳಿಯೇ ಕುಳಿತೆ. ಪೂಜೆ ಮುಗಿಸಿ ಪರೀಕ್ಷೆ ಶುರು ಮಾಡಿದರು. ದೊಡ್ಡದು ಹಿಂದೆ ಬಿತ್ತು.

"ಏನ್ರಿ ಬಾಯಿ, ನಿಮ್ಮ ದೊಡ್ಡ ಎತ್ತು ಕುಂಟಾಕತ್ತೈತಲ್ಲ!" ಎಂದು ಮ್ಯಾನೇಜರರು ನಕ್ಕರು.

ಬಾಯಿ ಮೂಗು ಅರಳಿಸಿದಳು. ಸುಟ್ಟ ಹೂವಿನ ವಾಸನೆ. ದೊಡ್ಡದಕ್ಕೆ ಹಾಕಿದ್ದ ದೊಡ್ಡ ಮಾಲೆ, ಗಾಳಿ ಒಳಹೋಗುವ ಜಾಲರಿಯನ್ನು ಮುಚ್ಚಿತ್ತು. ಯಂತ್ರ ಕಾದು ನಿಧಾನವಾಗಿತ್ತು.

"ಮೂಗ ಕಟ್ಟಿ ಓಡಸಿದ್ರ ಯಾವ ಎತ್ತು ಓಡತೈತ್ರಿ, ಸಾಹೇಬ್ರ?" ಎನ್ನುತ್ತ ಮಾಲೆ ತೆಗೆದಳು. ಆರಲು ಬಿಟ್ಟು ಮತ್ತೆ ಓಡಿಸಿದಾಗ ದೊಡ್ಡದು ಮುಂದೆ ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ಗೆಲುವು ಅವಳದೇ.

ಆದರೆ ಬಾಯಿ, ಜಾಲರಿಗೆ ಅಡ್ಡ ಬಂದಿದ್ದ ಸಣ್ಣದರ ಮಾಲೆಯನ್ನೂ ತೆಗೆದು, ಅದನ್ನೂ ಮತ್ತೊಮ್ಮೆ ಓಡಿಸಿದಳು. ಅದು ದೊಡ್ಡದರ ಸರಿಸಮಕ್ಕೆ ಬಂದುಬಿಟ್ಟಿತು...

"ಸಣ್ಣದ ಸಾಕ್ರಿ" ಎಂದಳು.

ಮ್ಯಾನೇಜರರು ಕಣ್ಣರಳಿಸಿದರು. "ಗೆದ್ದಿದ್ರಲ್ಲ ಬಾಯಿ, ಮತ್ಯಾಕ ಓಡಸಿದ್ರಿ?"

"ಒಂದರ ಮೂಗ ಬಿಚ್ಚಿ, ಇನ್ನೊಂದರದು ಹಂಗ ಬಿಟ್ರ ಅದ್ಯಾವ ಓಟದ ಶರ್ಯತ್ತರೀ?"

ಮನೆಗೆ ಬರುವಾಗ ಇಬ್ಬರೂ ಕಬ್ಬಿನ ಹಾಲು ಕುಡಿದೆವು. "ಎಷ್ಟ ಹಟ ಮಾಡಿದ್ನೆವ್ವಾ ನಾ!" ಎಂದು ಬಾಯಿ ದಾರಿಯುದ್ದಕ್ಕೂ ನಕ್ಕಳು. ನಾನೂ ನಕ್ಕೆ, ಬಹಳ ದಿನಗಳ ಮೇಲೆ. ಆ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ಗೇಟು ದಾಟಲಿಲ್ಲ.

ಬಾಯಿ ಈಗಿಲ್ಲ. ಹೋದ ವರ್ಷ ಅವಳ ಮಗಳು ಫೋನ್ ಮಾಡಿ ತಿಳಿಸಿದಳು. ಅದಕ್ಕೇ ಇದನ್ನು ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಲ್ಯಾಪ್‌ಟಾಪಿನ ಮೇಲೆ ಮಾತ್ರ ಇಡಬೇಡಿ.