ನನ್ನನ್ನು ಸುಟ್ಟ ಮೇಲೆ ಅಮ್ಮ ಇಟ್ಟ ಅನ್ನ

ನಂಬುವುದಾದರೆ ನಂಬಿ, ಇಲ್ಲದಿದ್ದರೆ ಬಿಡಿ. ಹೆತ್ತ ತಾಯಿಯೇ ನನ್ನನ್ನು ನಂಬಲಿಲ್ಲ. ಇನ್ನು ನೀವು ನಂಬಿದರೆಷ್ಟು, ಬಿಟ್ಟರೆಷ್ಟು? ಆದರೆ ಒಂದು ಮಾತು, ಇದು ಯಾರೋ ಹೇಳಿದ್ದನ್ನು ಕೇಳಿ ಬರೆದದ್ದಲ್ಲ. ಆ ರಾತ್ರಿ ಆ ಹಿತ್ತಲಲ್ಲಿ ನಿಂತಿದ್ದವನು ನಾನು. ಆ ಅನ್ನ ಉಂಡವನೂ ನಾನೇ... ಉಂಡವರಲ್ಲಿ ಒಬ್ಬ ಅನ್ನೋಣ.

ನಮ್ಮದು ನಂಜನಗೂಡು. ಪೌರೋಹಿತ್ಯದ ಮನೆತನ, ಕಪಿಲೆಗೆ ಬೆನ್ನು ಮಾಡಿ ನಿಂತ ಮನೆ. ಅಪ್ಪ ಬೇಗ ಹೋದರು. ಅಣ್ಣ ಸುಬ್ಬಣ್ಣನೇ ಯಜಮಾನ. ನಾನು ಶ್ರೀಕಂಠ, ಮನೆಯಲ್ಲಿ ಎಲ್ಲರಿಗೂ ಕಂಠಿ. ಕೊನೆಯವಳು ಗೌರಿ. ಓದಿನಲ್ಲಿ ಚುರುಕು ಅಂತ ಮಹಾರಾಜರ ಸರ್ಕಾರ ನನ್ನನ್ನು ರೇಷ್ಮೆ ಕೆಲಸ ಕಲಿಯಲು ಜಪಾನಿಗೆ ಕಳಿಸಿತು. ಹೊರಟ ದಿನ ಅಣ್ಣ ಜಗಲಿಯಿಂದ ಇಳಿಯಲೇ ಇಲ್ಲ.

"ಸಮುದ್ರ ದಾಟಿ ಹೋಗಿ ಹುಳ ಬೇಯಿಸೋ ವಿದ್ಯೆ ಕಲಿತು ಬಾರಪ್ಪ. ವಂಶ ಉದ್ಧಾರ ಆಗುತ್ತೆ," ಅಂದ.

ಅಮ್ಮ ಮಾತ್ರ ಬೀದಿಯ ತಿರುವಿನ ತನಕ ಬಂದಳು. "ಹೊತ್ತು ಹೊತ್ತಿಗೆ ಉಣ್ಣೋ ಕಂಠೀ," ಅಂದಳು. ಅವಳಿಗೆ ತಿಳಿದಿದ್ದ ಆಶೀರ್ವಾದ ಅದೊಂದೇ.

ಜಪಾನಿನಲ್ಲಿ ನಾನಿದ್ದದ್ದು ಬೆಟ್ಟದ ಬುಡದ ಒಂದು ರೇಷ್ಮೆ ಊರು. ಏನೇನೋ ಹೆದರಿಕೊಂಡು ಹೋದವನಿಗೆ ಮೊದಲ ದಿನವೇ ಕಂಡದ್ದೇನು? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಾ ಅನ್ನುವ ಜನ. ಚಾಪೆಯ ಮೇಲೆ ಕೂತು ಉಣ್ಣುವ ಜನ. ಬೆಳಿಗ್ಗೆ ಎದ್ದು, ತೀರಿಹೋದ ಹಿರಿಯರ ಮುಂದೆ ಅನ್ನ ಇಟ್ಟು ಕೈಮುಗಿಯುವ ಜನ. ಸುತ್ತು ಹಾಕಿ ನಮ್ಮ ಊರಿಗೇ ಬಂದೆನೇನೋ ಅನ್ನಿಸಿತು. ಹೊಂದದ ಸಂಗತಿಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಗಂಡಸರೆಲ್ಲ ಬರಿಮೈಯಲ್ಲಿ ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಕೂರುತ್ತಿದ್ದರು. ಮೊದಲ ಸಲ ಅದನ್ನು ನೋಡಿ ಪಂಚೆ ಬಿಗಿದುಕೊಂಡು ಓಡಿಬಂದಿದ್ದೆ. ನೆಲ ಗಡಗಡ ನಡುಗಿದರೂ ಯಾರೂ ಕೆಲಸದಿಂದ ತಲೆ ಎತ್ತುತ್ತಿರಲಿಲ್ಲ. ಇನ್ನು ಅಡುಗೆ... ನೀರಿಗೂ ಮೀನಿನ ವಾಸನೆ.

ಮೀನು ಮುಟ್ಟುವುದಿಲ್ಲ ಅಂದಾಗ ನಾನು ಇಳಿದುಕೊಂಡಿದ್ದ ಮನೆಯ ಒಡತಿ ನಗಲಿಲ್ಲ, ವಾದಕ್ಕೂ ಬರಲಿಲ್ಲ. ಮಾರನೆಯ ದಿನ ಸಂತೆಯಿಂದ ಹೊಸ ಮಡಕೆ ತಂದು, ನನಗೆಂದೇ ಅದರಲ್ಲಿ ಬೇರೆ ಬೇಯಿಸತೊಡಗಿದಳು. ಆಕೆಯನ್ನು ಒಬಾಸಾನ್ ಅನ್ನುತ್ತಿದ್ದೆ, ನಮ್ಮಲ್ಲಿ ಅತ್ತೆ ಅಂದ ಹಾಗೆ. ನನ್ನ ಆಚಾರವನ್ನು ಆ ಪರದೇಶದ ಹೆಂಗಸು ಕಾಪಾಡಿದಳು. ನನ್ನ ಜನ ನನ್ನನ್ನು ಕಾಪಾಡಲಿಲ್ಲ. ಈ ಮಾತನ್ನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ಒಬಾಸಾನಳ ಒಬ್ಬನೇ ಮಗ ಯುದ್ಧಕ್ಕೆ ಹೋಗಿದ್ದ. ಆಗ ಅವರಿಗೂ ರಷ್ಯಾದವರಿಗೂ ಹೊಡೆದಾಟ ನಡೆದಿತ್ತಲ್ಲ. ಆಕೆ ದಿನಾ ರಾತ್ರಿ ಮಗನ ಜಾಗದಲ್ಲಿ ಒಂದು ಬಟ್ಟಲು ಬಿಸಿ ಅನ್ನ ಇಟ್ಟು ಮುಚ್ಚಳ ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತೆಗೆದು, ಮುಚ್ಚಳದ ಒಳಮೈ ಬೆವರಿದೆಯೇ ಎಂದು ಬೆರಳಿನಿಂದ ಸವರಿ ನೋಡುವಳು. ಹನಿ ಕಟ್ಟಿದ್ದರೆ ದೂರ ಹೋದವನು ಕ್ಷೇಮ. ಊಟ ಅವನಿಗೆ ಮುಟ್ಟಿತು. ಅದು ಅವರ ಪದ್ಧತಿ.

ಬಿಸಿ ಅನ್ನ ಮುಚ್ಚಿದರೆ ಬೆವರದೆ ಇನ್ನೇನು ಎಂದು ನಾನು ಒಳಗೊಳಗೇ ನಕ್ಕೆ. ಆದರೂ ಚೆಂದ ಅನ್ನಿಸಿ ಅಮ್ಮನಿಗೆ ಕಾಗದ ಬರೆದೆ. 'ಈ ದೇಶದ ತಾಯಂದಿರು ಹೀಗೆ ಮಾಡುತ್ತಾರಮ್ಮ' ಅಂತ. ಅಮ್ಮನಿಗೆ ಓದು ಬಾರದು, ಗೌರಿ ಓದಿ ಹೇಳುವಳು. 'ಅಮ್ಮನೂ ಈಗ ದಿನಾ ನಿನಗೆ ಅನ್ನ ಇಡುತ್ತಾಳೆ ಅಣ್ಣಯ್ಯ, ಮುಚ್ಚಳ ಚೆನ್ನಾಗಿ ಬೆವರುತ್ತೆ' ಎಂದು ಉತ್ತರ ಬಂತು. ಓದಿ ಕಣ್ಣು ಒರೆಸಿಕೊಂಡೆ.

ಒಂದು ರಾತ್ರಿ ಒಬಾಸಾನಳ ಮುಚ್ಚಳ ಒಣಗಿತ್ತು. ಅನ್ನದಿಂದ ಹಬೆ ಏಳುತ್ತಿತ್ತು... ಮುಚ್ಚಳದಲ್ಲಿ ಒಂದು ಹನಿ ಇಲ್ಲ. ಆಕೆ ಅಳಲಿಲ್ಲ, ದೀಪ ಸಣ್ಣದು ಮಾಡಿ ಮಲಗಿದಳು. ಮಗ ಸತ್ತ ಸುದ್ದಿ ಬಂದದ್ದು ಆಮೇಲೆ.

ಇದನ್ನು ನಾನು ಊರಿಗೆ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಊರಿನಿಂದ ಕಾಗದ ಬರುವುದು ನಿಂತಿತು. ಓದು ಮುಗಿಸಿ, ಹಡಗು ಹತ್ತಿ, ಕೊಲಂಬೋ ದಾಟಿ, ರೈಲು ಬದಲಾಯಿಸುತ್ತಾ ನಂಜನಗೂಡಿನಲ್ಲಿ ಇಳಿದಾಗ ಸಂಜೆ. ಸ್ಟೇಷನ್ನಿನ ಹೊರಗೆ ನಮ್ಮ ಮನೆಗೆ ಯಾವಾಗಲೂ ಗಾಡಿ ಹೊಡೆಯುತ್ತಿದ್ದ ಮಾದಪ್ಪ ನಿಂತಿದ್ದ. ನನ್ನನ್ನು ನೋಡಿದ್ದೇ ತಡ, ಕೈಯ ಬಾರುಕೋಲು ಬಿದ್ದುಹೋಯಿತು.

"ಅಯ್ಯಯ್ಯೋ ಸಾಮೇರೇ... ನೀವು ತೀರ್ಕಂಡ್ರಲ್ಲಾ!"

"ಏನೋ ಮಾದಪ್ಪ, ಕುಡಿದಿದ್ದೀಯಾ?"

"ದೇವ್ರಾಣೆ ಇಲ್ಲ ಸಾಮಿ. ಅಡಗು ಮುಳುಗ್ತು, ಎಣ ಸಿಗ್ನಿಲ್ಲ ಅಂದ್ರು. ತಿರುಮಕೂಡ್ಲಿಗೆ ನಾನೇ ಗಾಡಿ ಒಡ್ಕಂಡು ಓಗಿದ್ದೆ. ದರ್ಬೇಲಿ ಮನ್ಸನ್ ತರ ಕಟ್ಟಿ, ತಲೆಗೆ ತೆಂಗಿನ್ಕಾಯಿ ಮಡಗಿ, ಒಳೆ ದಂಡೇಲಿ ನಿಮ್ಮುನ್ನ ಸುಟ್ರು. ಬೂದಿ ಒಳೆಗ್ ಬುಟ್ರು. ನಾನೇ ಕಣ್ಣಾರ ನೋಡಿವ್ನಿ..."

ಯಾವ ಹಡಗು? ಮುಳುಗಿದ್ದು ಯಾವಾಗ?

ಮಾದಪ್ಪ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ. "ಗೌರವ್ವಾರ ಮದ್ವೆ ಎಲ್ಲೂ ಕೂಡ್ತಿರ್ನಿಲ್ಲ ಸಾಮಿ. ಅಣ್ಣ ಸಮುದ್ರ ದಾಟವ್ನೆ, ಆ ಮನೆ ಎಣ್ಣು ಬ್ಯಾಡ ಅಂತ ಎಲ್ಲಾರೂ ವಾಪಸ್ ಓಗೋರು. ನೀವು ತೀರ್ಕಂಡ್ ಮ್ಯಾಕೇ ಗಂಡು ಸಿಕ್ಕುದ್ದು. ಈಗ ನಿಮ್ಮುನ್ನ ಯಾರಾದ್ರೂ ನೋಡುದ್ರೆ ಆ ಮಗೀನ ಬಾಳು ಆಳಾಯ್ತದೆ. ಒತ್ತು ಮುಳುಗ್ಲಿ. ಇಂದ್ಲಿಂದ ಓಗಿ ಅವ್ವಾರ ಮಕ ನೋಡ್ಕಂಡು ಬನ್ನಿ."

ಎಷ್ಟು ಸುಲಭ ನೋಡಿ! ಒಂದು ಹೊರೆ ದರ್ಭೆ, ಒಂದು ತೆಂಗಿನಕಾಯಿ, ತಮ್ಮನ ಕಾಟ ತೀರಿತು. ಆಮೇಲೆ ಬಂದ ನನ್ನ ಕಾಗದಗಳನ್ನು ಅಣ್ಣ ಯಾವ ಒಲೆಗೆ ಹಾಕಿದನೋ. ನೇರ ಹೋಗಿ ಅವನನ್ನೇ ಕೇಳೋಣ ಅಂತ ಗಾಡಿ ಹತ್ತಿದೆ. ಆದರೂ ಗೌರಿಯ ಮುಖ ಕಣ್ಣಮುಂದೆ ಬಂತು. ಏನು ತಪ್ಪು ಮಾಡಿತ್ತು ಆ ಕೂಸು? ಗಾಡಿಯಲ್ಲಿ ಮುದುರಿಕೊಂಡು ಕತ್ತಲೆಗೆ ಕಾದೆ. ನನಗೆ ಬೇಕಾಗಿದ್ದದ್ದು ಒಂದೇ. ನಾನು ಸತ್ತಿಲ್ಲ ಅನ್ನುವುದು ಅಮ್ಮನೊಬ್ಬಳಿಗೆ ಗೊತ್ತಾದರೆ ಸಾಕು. ಬೇರೆ ಯಾರಿಗೂ ಬೇಡ.

ಊರು ಮಲಗಿದ ಮೇಲೆ ಹೊಳೆಯ ಕಡೆಯಿಂದ ಹಿತ್ತಲಿಗೆ ಬಂದೆ. ಅದೇ ಬಾವಿ, ಅದೇ ಕರಿಬೇವಿನ ಗಿಡ. ಮೆಣಸಿನ ಸಾರಿನ ಘಮ. ಅಮ್ಮನ ಕೈಯ ಸಾರು! ಬಾಯಲ್ಲಿ ನೀರು, ಕಣ್ಣಲ್ಲೂ ನೀರು.

ಆಗ ಸದ್ದು ಕೇಳಿಸಿತು.

ಹಿಂದಿನ ಜಗಲಿಯ ಮೇಲೆ ಯಾರೋ ಕತ್ತಲಲ್ಲಿ ಕೂತು ಉಣ್ಣುತ್ತಿದ್ದರು... ಬೋಗುಣಿಗೆ ಬೆರಳು ತಾಗುವ ಸದ್ದು. ಸೊರ್ ಎಂದು ಸಾರು ಸುರಿಯುವ ಸದ್ದು. ನಡುನಡುವೆ ನಾಲಿಗೆ ಚಪ್ಪರಿಸುವುದು. ಚಿಕ್ಕಂದಿನಲ್ಲಿ ಅಪ್ಪ ನನಗೆ ಆ ಚಪ್ಪರಿಕೆಗೇ ಬೈಯುತ್ತಿದ್ದರು. ಮನೆಯಲ್ಲಿ ಹಾಗೆ ಉಣ್ಣುತ್ತಿದ್ದವನು ನಾನೊಬ್ಬನೇ.

ಗಾಳಿ ಇತ್ತ ತಿರುಗಿತು. ಸಾರಿನ ಘಮದ ಕೆಳಗೆ ಬೇರೊಂದು ವಾಸನೆ. ಒದ್ದೆ ಬಟ್ಟೆಯದು... ಮತ್ತೆ ಸುಟ್ಟ ಹುಲ್ಲಿನದು.

ಎದ್ದು ಬಾವಿಯ ಕಡೆ ಹೋದ ಹೆಜ್ಜೆ. ಕಲ್ಲಿನ ಮೇಲೆ ಕೈ ತೊಳೆದ ನೀರು ಚೆಲ್ಲಿದ ಸದ್ದು. ಆಮೇಲೆ ಏನೂ ಇಲ್ಲ. ನಾನು ನಿಂತಿದ್ದದ್ದು ಅದೇ ಬಾವಿಯ ಪಕ್ಕದಲ್ಲಿ. ನನ್ನ ಮುಂದೆ ಯಾರೂ ಹಾಯಲಿಲ್ಲ. ಕೈಚಾಚಿ ಕಲ್ಲು ಮುಟ್ಟಿದೆ. ಒದ್ದೆಯಾಗಿತ್ತು.

ಹಿತ್ತಲ ಬಾಗಿಲು ಕಿರ್ ಎಂದಿತು. ಹಣತೆ ಹಿಡಿದು ಅಮ್ಮ ಬಂದಳು. ಎಷ್ಟು ಸೊರಗಿದ್ದಳು! ಖಾಲಿ ಬೋಗುಣಿ ಎತ್ತಿಕೊಳ್ಳುತ್ತಾ, ಕತ್ತಲಲ್ಲಿ ನಿಂತ ನನ್ನ ಆಕಾರ ನೋಡಿದಳು. ಹೆದರಲಿಲ್ಲ.

"ಇನ್ನೂ ಹೋಗಿಲ್ವೇನೋ ಕಂಠೀ? ಹೊಟ್ಟೆ ತುಂಬ್ಲಿಲ್ವಾ?"

"ಅಮ್ಮಾ..." ಅಂದೆ.

ಅಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಅವನು ಮಾತಾಡಲ್ಲ... ಯಾರು ನೀನು?"

"ನಾನೇ ಅಮ್ಮ, ಕಂಠಿ. ನಾನು ಸತ್ತಿಲ್ಲ. ಸುಬ್ಬಣ್ಣ ಹೇಳಿದ್ದೆಲ್ಲ ಸುಳ್ಳು. ಈ ಹೊತ್ತು ರೈಲಲ್ಲಿ ಬಂದೆ."

ಅಮ್ಮ ದೀಪ ಎತ್ತಿ ನನ್ನ ಕೋಟು ನೋಡಿದಳು, ಕತ್ತರಿಸಿದ ಕೂದಲು ನೋಡಿದಳು. "ನನ್ನ ಮಗನಿಗೆ ಜುಟ್ಟಿದೆ. ದಿನಾ ನೋಡ್ತೀನಲ್ಲ," ಅಂದಳು.

ಒಳಗಿನಿಂದ ಅಣ್ಣನ ಕೆಮ್ಮು. "ಯಾರಮ್ಮಾ ಅದು, ಇಷ್ಟು ಹೊತ್ತಲ್ಲಿ?"

"ಯಾರೂ ಇಲ್ಲ ಕಣೋ. ಬೆಕ್ಕು."

ನನಗೆ ಜೀವ ಬಂದ ಹಾಗಾಯಿತು. ಬಚ್ಚಿಟ್ಟಳು ಅಂದರೆ ಗುರುತು ಸಿಕ್ಕಿದೆ ಅಂದುಕೊಂಡೆ. ಅಮ್ಮ ಪಿಸುಗುಟ್ಟಿದಳು, "ಇಲ್ಲೇ ನಿಲ್ಲು." ಒಳಗೆ ಹೋದಳು. ಒಲೆ ಊದುವ ಸದ್ದು... ತುಂಬ ಹೊತ್ತು ಕಾದೆ. ಹಬೆಯಾಡುವ ಅನ್ನದ ಬೋಗುಣಿ, ಜೊತೆಗೆ ಸಾರು ತಂದು ಜಗಲಿಯ ಮೇಲಿಟ್ಟು, ಅನ್ನಕ್ಕೆ ಹಿತ್ತಾಳೆ ಮುಚ್ಚಳ ಮುಚ್ಚಿ, ಪಕ್ಕದಲ್ಲಿ ಕೂತಳು.

"ಕಂಠಿ ಒಂದು ಕಾಗದ ಬರೆದಿದ್ದ," ಅಂದಳು, ನನಗೇ, ಬೇರೆ ಯಾರದೋ ವಿಷಯ ಹೇಳುವ ಹಾಗೆ. "ಆ ದೇಶದ ತಾಯಂದಿರು ಹೀಗೆ ಮಾಡ್ತಾರಂತೆ. ನಾನೂ ಮಾಡಿದೆ. ದಿನಾ ಬೆವರೋದು. ತಿರುಮಕೂಡಲಿಗೆ ಹೋಗಿ ಬಂದರಲ್ಲ, ಆವತ್ತು ರಾತ್ರಿ ಒಣಗಿತ್ತು. ಆವತ್ತಿಂದಲೇ ಅವನು ಬರೋಕೆ ಶುರು ಮಾಡಿದ್ದು."

"ಆ ಕಾಗದ ಬರೆದವನೇ ನಾನು ಅಮ್ಮಾ!"

"ಇರು. ನೋಡೋಣ."

ಕಾದೆವು. ಹೊಳೆಯ ಸದ್ದೊಂದು ಬಿಟ್ಟರೆ ಬೇರೇನೂ ಇಲ್ಲ. ನಾನು ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಮೊರೆ ಇಟ್ಟೆ. ಬಿಸಿ ಅನ್ನ ಮುಚ್ಚಿದರೆ ಬೆವರದೆ ಇನ್ನೇನು? ಅಂದು ನಕ್ಕವನು ನಾನೇ ಅಲ್ಲವೇ?

ಅಮ್ಮ ಮುಚ್ಚಳ ತೆಗೆದಳು. ಹಬೆ ನನ್ನ ಮುಖಕ್ಕೆ ಬಡಿಯಿತು. ಅವಳು ಒಳಮೈಯನ್ನು ಬೆರಳಿನಿಂದ ಸವರಿ ನನ್ನತ್ತ ಹಿಡಿದಳು. ನಾನೂ ಸವರಿದೆ.

ಒಣಗಿತ್ತು. ಬಿಸಿಲಿಗಿಟ್ಟ ಪಾತ್ರೆಯ ಹಾಗೆ ಒಣಗಿತ್ತು.

"ನೋಡಿದ್ಯಾ," ಅಂದಳು ಅಮ್ಮ. ದನಿ ಒಡೆದಿತ್ತು. "ನನ್ನ ಮಗ ಆವತ್ತೇ ಹೋದ. ನೀನು ಯಾರೋ ಏನೋ ನನಗೆ ಗೊತ್ತಿಲ್ಲಪ್ಪ. ಗೌರಿ ಹೋದ ಮನೇಲಿ ಚೆನ್ನಾಗಿದ್ದಾಳೆ... ಕೈ ಮುಗೀತೀನಿ, ಆ ಮಗೂನ ಬಾಳು ಕೆಡಿಸಬೇಡ. ಮತ್ತೆ ಬರಬೇಡ."

ಬಾಗಿಲು ಹಾಕಿಕೊಂಡಳು. ಅಗುಳಿ ಬಿತ್ತು. ಆಮೇಲೆ ಬಾಗಿಲ ಹಿಂದಿನಿಂದಲೇ, ಕೇಳಿಯೂ ಕೇಳದ ಹಾಗೆ, "ಉಂಡು ಹೋಗು. ಹಸಿದುಕೊಂಡು ಹೋಗಬೇಡ" ಅಂದಳು.

ಅವಳಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ? ಗುರುತು ಸಿಕ್ಕಿಯೂ ಮಗಳಿಗಾಗಿ ಮಗನನ್ನು ಬಿಟ್ಟಳೋ? ಈ ವಯಸ್ಸಿನಲ್ಲೂ ನಡುರಾತ್ರಿ ಎದ್ದು ಕೂತು ಇದನ್ನೇ ಕೇಳಿಕೊಳ್ಳುತ್ತೇನೆ. ಅವಳು ಬೇಕೆಂದೇ ಮಾಡಿದಳು ಅನ್ನೋಣ. ಹಾಗಾದರೆ ಮುಚ್ಚಳ? ಅದನ್ನು ಮುಟ್ಟಿ ನೋಡಿದವನು ನಾನಲ್ಲವೇ?

ಕತ್ತಲಲ್ಲಿ ಕೂತು ಉಂಡೆ. ಸಾರು ಸೊರ್ ಎಂದಿತು. ನಾಲಿಗೆ ತಾನಾಗಿಯೇ ಚಪ್ಪರಿಸಿತು... ಆ ಸದ್ದು ಕಿವಿಗೆ ಬಿದ್ದಾಗ ಕೈಯ ತುತ್ತನ್ನು ಬೋಗುಣಿಗೇ ಹಾಕಿದೆ. ಸ್ವಲ್ಪ ಮುಂಚೆ ಕೇಳಿದ್ದು ಇದನ್ನೇ. ಎದ್ದು ಆ ಕಲ್ಲಿನ ಮೇಲೇ ಕೈ ತೊಳೆದೆ. ಬೆರಳಿಗೆ ಏನೋ ಅಂಟಿತ್ತು. ಗಾಡಿಯ ಲಾಂದ್ರದ ಹತ್ತಿರ ಬಂದು ನೋಡಿದೆ. ಕರಕಲಾದ ದರ್ಭೆಯ ಎಳೆ.

"ಸಿಕ್ಕುದ್ರಾ ಅವ್ವಾರು?" ಅಂದ ಮಾದಪ್ಪ.

"ತಿರುಮಕೂಡಲಿಗೆ ಹೊಡಿ," ಅಂದೆ.

ಬೆಳಗಿನ ಜಾವ ಎರಡು ಹೊಳೆ ಸೇರುವಲ್ಲಿ ನಿಂತು, ಮಾದಪ್ಪ ನನ್ನನ್ನು ಸುಟ್ಟ ಜಾಗ ತೋರಿಸಿದ. ಬರೀ ಮರಳು. ಅಳೋಣ ಅಂದರೆ ಸತ್ತವನು ನಾನೇ, ಯಾರಿಗಾಗಿ ಅಳುವುದು?

ಸರ್ಕಾರ ಕೆಲಸ ಕೊಟ್ಟಿತು. ಅಲ್ಲಿ ಇಲ್ಲಿ ಸುತ್ತಿಸಿ, ಕೊನೆಗೆ ತಿರುಮಕೂಡಲಿನ ಮಗ್ಗುಲ ಈ ನರಸೀಪುರಕ್ಕೇ ಹಾಕಿತು. ಇಲ್ಲಿ ನಾನು ರೇಷ್ಮೆ ಸಾಹೇಬ. ಗುರುತಿದ್ದವರೂ ಇಲ್ಲದವರ ಹಾಗೆ ದಾಟಿ ಹೋಗುತ್ತಾರೆ. ಒಮ್ಮೆ ಗೌರಿ ಮಕ್ಕಳೊಂದಿಗೆ ಹೊಳೆಗೆ ಬಂದಿದ್ದಳು. ನಾನೇ ಮರದ ಮರೆಗೆ ಸರಿದೆ. ಅಮ್ಮ ಸತ್ತ ಸುದ್ದಿ ತಂದವನೂ ಮಾದಪ್ಪನೇ. ಕೊನೆಯ ದಿನದ ತನಕ ಅನ್ನ ಇಡಿಸುತ್ತಿದ್ದಳಂತೆ. ಅವಳು ಹೋದ ಮೇಲೆ ಅತ್ತಿಗೆ ಆ ಬೋಗುಣಿಯನ್ನು ಅಟ್ಟಕ್ಕೆ ಹಾಕಿದಳಂತೆ.

ಆ ವಾರವೇ ನನ್ನ ಹಿತ್ತಲಲ್ಲಿ ಸುಟ್ಟ ಹುಲ್ಲಿನ ವಾಸನೆ ಬಂತು.

ದರ್ಭೆಯಲ್ಲಿ ಸುಟ್ಟ ಆ ಕಂಠಿ ತಾನೇ ಏನು ಮಾಡಿಯಾನು, ಅಲ್ಲಿ ಅಮ್ಮನ ಮನೆಯಲ್ಲಿ ಅನ್ನ ಇಡುವವರಿಲ್ಲ. ಅವನನ್ನು ಕಂಡರೆ ಹೊಟ್ಟೆ ಉರಿಯುತ್ತದೆ ನನಗೆ. ಅಮ್ಮನ ಕೈಯಡುಗೆ ಅಷ್ಟು ವರ್ಷ ಉಂಡವನು ಅವನು, ಬಾಗಿಲ ಹೊರಗೆ ನಿಂತವನು ನಾನು. ಆದರೂ ಈಗ ದಿನಾ ರಾತ್ರಿ ಎರಡು ಬೋಗುಣಿ ಅನ್ನ ಮುಚ್ಚಿಡುತ್ತೇನೆ, ಒಂದು ನನಗೆ, ಒಂದು ಅವನಿಗೆ. ಉಣ್ಣುವ ಮುಂಚೆ ಎರಡೂ ಮುಚ್ಚಳ ತೆಗೆದು ಬೆರಳಿನಿಂದ ಸವರಿ ನೋಡುತ್ತೇನೆ.

ಒಂದು ಒದ್ದೆಯಾಗಿರುತ್ತದೆ. ಯಾರದು ಅಂತ ಮಾತ್ರ ಕೇಳಬೇಡಿ.